ಒಂದು ಮ್ಯಾಚಿನ ಹಿಂದಿನ ರಾತ್ರಿ

ಮೂರು ವರ್ಷದಿಂದ ನಮ್ಮ ಮನೆಯಲ್ಲಿ ನವೆಂಬರ್ ಕೊನೆಯ ಶನಿವಾರ ಅಂದರೆ ಒಂಥರಾ ಪರೀಕ್ಷೆಯ ದಿನ. ಮಗಳು 2023ರ ಆಗಸ್ಟ್‌ನಲ್ಲಿ ಎಂ.ಎಸ್. ಮಾಡೋಕೆ ಅಂತ ಅಮೆರಿಕದ ಕೊಲಂಬಸ್‌ಗೆ ಹೋದಳು. ಒಹಾಯೋ ಸ್ಟೇಟ್ ಯೂನಿವರ್ಸಿಟಿ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಹುಡುಗಿ, ಹೋಗುವಾಗ ಅವಳಿಗೆ ಅಮೆರಿಕನ್ ಫುಟ್‌ಬಾಲ್ ಅಂದರೆ ಏನೂ ಗೊತ್ತಿರಲಿಲ್ಲ. ನನಗೂ ಅಷ್ಟೇ. ಹೆಸರಿಗೆ ಫುಟ್‌ಬಾಲ್, ಆದರೆ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಮೊಟ್ಟೆಯಾಕಾರದ ಚೆಂಡು, ಹೆಲ್ಮೆಟ್ ಹಾಕಿಕೊಂಡ ಗೂಳಿಯಂಥ ಹುಡುಗರು, ಐದು ಸೆಕೆಂಡು ಆಟ, ಅರ್ಧ ನಿಮಿಷ ಚರ್ಚೆ!

ಹೋದ ಮೂರೇ ತಿಂಗಳಿಗೆ ಒಂದು ರಾತ್ರಿ ಫೋನ್ ಮಾಡಿದಳು. ದನಿ ಸಣ್ಣಗಿತ್ತು. ಜ್ವರ ಬಂದಿದೆಯೇನೋ ಅಂತ ನಮಗೆ ಗಾಬರಿ. "ಏನಿಲ್ಲ ಅಪ್ಪ, ನಾಳೆ ಮಿಶಿಗನ್ ಮ್ಯಾಚು. ನಾವು ಎರಡು ವರ್ಷದಿಂದ ಸೋಲ್ತಾ ಇದೀವಿ" ಅಂದಳು.

ನಾವು!

ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು. "ಸಾಲ ಮಾಡಿ ಓದೋಕೆ ಕಳಿಸಿದ್ದು. ಇವಳಿಗೆ ಚೆಂಡಾಟದ ಚಿಂತೆಯಂತೆ" ಅಂತ ಗೊಣಗಿದಳು. ನನ್ನ ಗೆಳೆಯರೂ ಅದನ್ನೇ ಹೇಳುತ್ತಾರೆ. ಕಾಲೇಜು ಹುಡುಗರ ಆಟಕ್ಕೆ ಊರಿಗೆ ಊರೇ ನಿದ್ದೆಗೆಡೋದು ಹುಚ್ಚಲ್ಲದೆ ಇನ್ನೇನು ಅಂತ. ಈ ಮಾತಿಗೆ ನನ್ನ ತಕರಾರಿದೆ, ಅದಕ್ಕೇ ಇದನ್ನು ಬರೆಯುತ್ತಿರೋದು.

ಮೊದಲು ಈ ಹುಚ್ಚು ಎಷ್ಟು ಹಳೆಯದು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಒಹಾಯೋ, ಮಿಶಿಗನ್ ಅಕ್ಕಪಕ್ಕದ ರಾಜ್ಯಗಳು. 1835ರಲ್ಲಿ ಟೊಲೆಡೊ ಅನ್ನೋ ಊರಿರುವ ಒಂದು ಪಟ್ಟಿ ಜಾಗಕ್ಕಾಗಿ ಎರಡೂ ಕಡೆಯವರು ಬಂದೂಕು ಹಿಡಿದು ಎದುರುಬದುರು ನಿಂತಿದ್ದರು. ಪುಣ್ಯಕ್ಕೆ ಹೆಣ ಬೀಳಲಿಲ್ಲ. ಕೊನೆಗೆ ಟೊಲೆಡೊ ಒಹಾಯೋಗೆ ಹೋಯಿತು, ಮಿಶಿಗನ್‌ಗೆ ಉತ್ತರದ ಕಾಡು ಸಿಕ್ಕಿತು, 1837ರಲ್ಲಿ ಅದು ರಾಜ್ಯವಾಯಿತು. ಮಹಾರಾಷ್ಟ್ರದಲ್ಲಿ ಇಷ್ಟು ವರ್ಷ ಇದ್ದು ಬೆಳಗಾವಿ ಅಂದ ಕೂಡಲೇ ಕಿವಿ ನೆಟ್ಟಗಾಗುವ ನನ್ನಂಥವನಿಗೆ ಇದನ್ನು ಬಿಡಿಸಿ ಹೇಳಬೇಕೆ? ಈ ಎರಡು ಯೂನಿವರ್ಸಿಟಿಗಳು ಮೊದಲ ಸಲ ಆಡಿದ್ದು 1897ರಲ್ಲಿ. ಒಟ್ಟು ಲೆಕ್ಕದಲ್ಲಿ ಇವತ್ತಿಗೂ ಮಿಶಿಗನ್ನೇ ಮುಂದೆ.

1969ರ ಕಥೆಯನ್ನಂತೂ ಮಗಳು ನನಗೆ ಹತ್ತು ಸಲ ಹೇಳಿದ್ದಾಳೆ. ಒಹಾಯೋದ ಕೋಚ್ ವುಡಿ ಹೇಯ್ಸ್. ಮಿಶಿಗನ್ ಅನ್ನೋ ಹೆಸರನ್ನೇ ಬಾಯಲ್ಲಿ ಎತ್ತದೆ "ಆ ಉತ್ತರದ ಕಡೆಯ ಟೀಮು" ಅನ್ನುತ್ತಿದ್ದ ಮನುಷ್ಯ. ಅವರ ಟೀಮು ಹಿಂದಿನ ವರ್ಷದ ರಾಷ್ಟ್ರೀಯ ಚಾಂಪಿಯನ್, ಸತತ 22 ಮ್ಯಾಚ್ ಗೆದ್ದಿತ್ತು. ಎದುರಿಗೆ ಮಿಶಿಗನ್ ಕೋಚ್ ಆಗಿ ಬಂದದ್ದು ಯಾರು ಗೊತ್ತೇ? ವುಡಿಯ ಕೈಕೆಳಗೇ ಕಲಿತ ಬೋ ಶೆಂಬೆಕ್ಲರ್. ಶಿಷ್ಯ ಗುರುವನ್ನು 24-12ರಿಂದ ಮಲಗಿಸಿದ. ಮುಂದೆ 1978ರ ತನಕ ಇಬ್ಬರ ಜಿದ್ದು ನಡೆಯಿತು, ಅದನ್ನು ಅಲ್ಲಿ ಹತ್ತು ವರ್ಷದ ಯುದ್ಧ ಅಂತಲೇ ಕರೆಯುತ್ತಾರೆ. ಬೋ 5 ಗೆದ್ದರು, ವುಡಿ 4, ಒಂದು ಸಮ. 2006ರಲ್ಲಿ ಎರಡೂ ಟೀಮು ಒಂದೂ ಸೋಲಿಲ್ಲದೆ ಒಂದು, ಎರಡನೇ ಸ್ಥಾನದಲ್ಲಿದ್ದು ಎದುರಾದವು. ಮ್ಯಾಚಿನ ಹಿಂದಿನ ದಿನವೇ ಬೋ ತೀರಿಕೊಂಡರು. ಮಾರನೇ ದಿನ ಒಹಾಯೋ 42-39.

ಇನ್ನು ಊರಿನ ವಿಷಯ. ಮ್ಯಾಚಿನ ವಾರ ಬಂತೆಂದರೆ ಕೊಲಂಬಸ್ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ಇರುವ ಎಂ ಅಕ್ಷರಕ್ಕೆಲ್ಲ ಕೆಂಪು ಟೇಪಿನಲ್ಲಿ ಅಡ್ಡಗೀಟು! ಮಗಳು ಫೋಟೋ ಕಳಿಸಿದಾಗ ಬಿದ್ದು ಬಿದ್ದು ನಕ್ಕೆ. ಮಿಶಿಗನ್ನನ್ನು ಗೆದ್ದರೆ ಆಟಗಾರರಿಗೆ ಸಣ್ಣದೊಂದು ಚಿನ್ನದ ಪ್ಯಾಂಟಿನ ಪದಕ ಕೊಡುತ್ತಾರೆ. 1934ರಲ್ಲಿ ಒಬ್ಬ ಕೋಚು, ಅವರೂ ನಮ್ಮ ಹಾಗೇ ಒಂದೊಂದೇ ಕಾಲು ತೂರಿಸಿ ಪ್ಯಾಂಟು ಹಾಕಿಕೊಳ್ಳೋರು, ಹೆದರಬೇಡಿ ಅಂದನಂತೆ, ಅಲ್ಲಿಂದ ಬಂದ ಪದ್ಧತಿ. ಲಕ್ಷಕ್ಕೂ ಹೆಚ್ಚು ಜನ ಕೂರುವ ಸ್ಟೇಡಿಯಮ್ಮು. ಮಿಶಿಗನ್‌ದು ಇನ್ನೂ ದೊಡ್ಡದು, 1,07,601 ಸೀಟು. ನಾನು ವಾಂಖೆಡೆಯಲ್ಲಿ ರಣಜಿ ಮ್ಯಾಚಿಗೆ ಹೋಗಿ, ಕಾಗೆ ಜಾಸ್ತಿಯೋ ಪ್ರೇಕ್ಷಕರು ಜಾಸ್ತಿಯೋ ಅಂತ ಎಣಿಸಿದ್ದವನು. ನನಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ಈಗ 2024ಕ್ಕೆ ಬನ್ನಿ. 2023ರಲ್ಲೂ ಸೋತಾಗಿತ್ತು, 30-24. ಅಲ್ಲಿಗೆ ಸತತ ಮೂರು. ಈ ಸಲ ಮ್ಯಾಚು ಕೊಲಂಬಸ್ಸಿನಲ್ಲೇ. ಒಹಾಯೋ 10 ಗೆದ್ದು ಒಂದು ಸೋತಿತ್ತು, ಮಿಶಿಗನ್ 6 ಗೆದ್ದು 5 ಸೋತು ಏದುಸಿರು ಬಿಡುತ್ತಿತ್ತು. 20 ಪಾಯಿಂಟಿನಿಂದ ಒಹಾಯೋ ಗೆಲ್ಲುತ್ತದೆ ಅಂತ ಬೆಟ್ಟಿಂಗಿನವರ ಅಂದಾಜು. ಹಿಂದಿನ ರಾತ್ರಿ ಫೋನ್ ಮಾಡಿದಾಗ, "ಮತ್ಯಾಕೆ ಹೆದರ್ತೀಯ? ಅವರ ಹತ್ರ ಏನಿದೆ?" ಅಂದೆ.

"ಅದಕ್ಕೇ ಭಯ ಅಪ್ಪ. ಅವರಿಗೆ ಕಳ್ಕೊಳ್ಳೋಕೆ ಏನೂ ಇಲ್ಲ" ಅಂದಳು.

ಎಂಥಾ ಮಾತು ನೋಡಿ! ಇಂಥ ಮ್ಯಾಚುಗಳಲ್ಲಿ ಆಸೆ ಇರೋದು ಬಡವನ ಹತ್ತಿರ, ಭಯ ಇರೋದು ಸಾಹುಕಾರನ ಹತ್ತಿರ. ಸೋಲುವ ಟೀಮಿನ ಅಭಿಮಾನಿ ಆರಾಮಾಗಿ ಊಟ ಮಾಡಿ ಮಲಗುತ್ತಾನೆ, ಗೆದ್ದರೆ ಹಬ್ಬ, ಸೋತರೆ ಗೊತ್ತಿದ್ದದ್ದೇ. ಗೆಲ್ಲಲೇಬೇಕಾದವನಿಗೆ ಗಂಟಲಲ್ಲಿ ತುತ್ತು ಇಳಿಯಲ್ಲ.

ನಮ್ಮಲ್ಲಿ ಮ್ಯಾಚು ಶುರುವಾಗೋದು ರಾತ್ರಿ ಹತ್ತೂವರೆಗೆ. ನಾನು ಎದ್ದು ಕೂತಿದ್ದೆ. ಕೊನೆಯ ನಿಮಿಷದ ತನಕ 10-10. ಗಡಿಯಾರದಲ್ಲಿ 45 ಸೆಕೆಂಡು ಉಳಿದಿರುವಾಗ ಮಿಶಿಗನ್ ಹುಡುಗ ಚೆಂಡನ್ನು ಕಂಬಗಳ ನಡುವೆ ಒದ್ದ, 13-10. ಮುಗಿಯಿತು. ಗೆದ್ದವರು ಮೈದಾನದ ಮಧ್ಯೆ ಬಾವುಟ ನೆಡೋಕೆ ಹೋದರು, ಹೊಡೆದಾಟವಾಗಿ ಪೊಲೀಸರು ಮುಖಕ್ಕೆ ಖಾರದ ಸ್ಪ್ರೇ ಹೊಡೆದರು. ಇದು ಮಾತ್ರ ನನಗೆ ಹಿಡಿಸಲಿಲ್ಲ. ಬೋರ್ಡಿನ ಎಂ ಹೊಡೆದುಹಾಕೋದು ತಮಾಷೆ, ಗೆದ್ದವರ ಮೇಲೆ ಕೈಮಾಡೋದು ಅಲ್ಲ. ಗೆದ್ದವರು ಎದುರಾಳಿಯ ಅಂಗಳದಲ್ಲಿ ಬಾವುಟ ನೆಡೋದೂ ಅಲ್ಲ.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಮೊದಲಾಗಿದ್ದರೆ ಈ ಸೋಲಿನೊಂದಿಗೆ ಒಹಾಯೋದ ವರ್ಷ ಮುಗಿದುಹೋಗುತ್ತಿತ್ತು. ರಾಷ್ಟ್ರೀಯ ಪ್ಲೇಆಫ್‌ಗೆ 2023ರ ತನಕ ನಾಲ್ಕೇ ಟೀಮು. 2024ರಿಂದ ಅದನ್ನು ಹನ್ನೆರಡಕ್ಕೆ ಏರಿಸಿದರು. ಜಾಸ್ತಿ ಮ್ಯಾಚು, ಜಾಸ್ತಿ ಟೀವಿ ದುಡ್ಡು. ಹಾಗಾಗಿ ಸೋತ ಒಹಾಯೋ ಕೂಡ ಒಳಗೆ ಹೋಯಿತು, ಎಲ್ಲರನ್ನೂ ಬಡಿದು 2025ರ ಜನವರಿಯಲ್ಲಿ ನಾಟರ್ ಡೇಮ್ ಟೀಮನ್ನು 34-23ರಿಂದ ಸೋಲಿಸಿ ದೇಶಕ್ಕೇ ಚಾಂಪಿಯನ್ ಆಯಿತು! ನಾನು ಖುಷಿಯಲ್ಲಿ ಫೋನ್ ಮಾಡಿದೆ. ಅವಳೂ ಖುಷಿಯಾಗೇ ಇದ್ದಳು. ಆದರೆ ಮಾತು ಮುಗಿಸುವಾಗ, "ಆದ್ರೂ ಮನೇಲೇ ಮಿಶಿಗನ್ ಹತ್ರ ಸೋತ್ವಲ್ಲ ಅಪ್ಪ" ಅಂದಳು.

ಅವಳು ಹೇಳಿದ್ದೇ ಸರಿ ಅನ್ನೋದು ನನ್ನ ವಾದ. ಕಪ್ಪು ಗೆಲ್ಲೋದು ದೇಶದ ಮುಂದೆ. ಪಕ್ಕದವನನ್ನು ಗೆಲ್ಲೋದು ನಮ್ಮ ಬೀದಿಯಲ್ಲಿ ತಲೆಯೆತ್ತಿ ಓಡಾಡೋಕೆ. ಎರಡಕ್ಕೂ ಅದಲುಬದಲಿಲ್ಲ. ಜಾನ್ ಕೂಪರ್ ಅಂತ ಒಬ್ಬ ಕೋಚು 13 ವರ್ಷದಲ್ಲಿ ಒಹಾಯೋಗೆ 111 ಮ್ಯಾಚು ಗೆದ್ದುಕೊಟ್ಟರು, ಆದರೆ ಮಿಶಿಗನ್ ಎದುರು 2 ಗೆಲುವು, 10 ಸೋಲು, ಒಂದು ಸಮ. 2001ರ ಜನವರಿಯಲ್ಲಿ ಅವರನ್ನು ತೆಗೆದರು. ಈಗ ಸೋತರೂ ಪ್ಲೇಆಫ್ ಇದೆಯಲ್ಲ ಅಂತ ಜನ ಸಮಾಧಾನ ಹೇಳಿಕೊಳ್ಳೋಕೆ ಶುರುಮಾಡಿದರೆ ಆ ಹಿಂದಿನ ರಾತ್ರಿಯ ಸಂಕಟ ನಿಧಾನಕ್ಕೆ ಸಾಯುತ್ತದೆ. ಆಟಗಾರರಿಗೂ ಈಗ ದುಡ್ಡು ಬರುತ್ತದೆ, ಒಂದು ವರ್ಷ ಈ ಕಾಲೇಜು, ಮರುವರ್ಷ ಇನ್ನೊಂದು. ಅದನ್ನು ನಾನು ತಪ್ಪು ಅನ್ನೋಲ್ಲ, ದುಡಿದವರಿಗೆ ಕೂಲಿ ಸಿಗಲಿ. ನಮ್ಮ ರಣಜಿಯಲ್ಲೂ ವಾಸಿಂ ಜಾಫರ್ ಮುಂಬಯಿ ಬಿಟ್ಟು ವಿದರ್ಭಕ್ಕೆ, ಉತ್ತಪ್ಪ ಕರ್ನಾಟಕ ಬಿಟ್ಟು ಸೌರಾಷ್ಟ್ರಕ್ಕೆ ಹೋಗಲಿಲ್ಲವೇ? ಆಡುವವರು ಬರುತ್ತಾರೆ, ಹೋಗುತ್ತಾರೆ. ಜಾಗ ಬಿಟ್ಟು ಹೋಗದೆ ಕೂತು ಹೆದರುವವನು ಅಭಿಮಾನಿ ಒಬ್ಬನೇ.

ಈ ಹೆದರಿಕೆ ನನಗೆ ಹೇಗೆ ಗೊತ್ತು ಅಂತ ಹೇಳಲೇಬೇಕು. ನಾನು ಭದ್ರಾವತಿಯವನು, ಜಿ. ಆರ್. ವಿಶ್ವನಾಥ್ ಹುಟ್ಟಿದ ಊರು. 1974ರಲ್ಲಿ ನನಗೆ ಹನ್ನೆರಡು ವರ್ಷ. 1958-59ರಿಂದ 15 ವರ್ಷ ಒಂದೇ ಸಮ ರಣಜಿ ಗೆದ್ದಿದ್ದ ಬೊಂಬಾಯಿ, ಸೆಮಿಫೈನಲ್ ಆಡೋಕೆ ಬೆಂಗಳೂರಿಗೆ ಬಂದಿತ್ತು. ವಿಶಿ 162, ಬ್ರಿಜೇಶ್ ಪಟೇಲ್ 106. ಪ್ರಸನ್ನ ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದ ಸುದ್ದಿ ಬಂದಾಗ ನಮ್ಮ ಬೀದಿಯಲ್ಲಿ ಎದ್ದ ಕೂಗು ಈಗಲೂ ಕಿವಿಯಲ್ಲಿದೆ. ಆ ವರ್ಷ ಕಪ್ಪು ನಮ್ಮದಾಯಿತು, ಮೊದಲ ಸಲ.

ಅಂಥವನು 1985ರಲ್ಲಿ ಹೊಟ್ಟೆಪಾಡಿಗೆ ಅದೇ ಬೊಂಬಾಯಿಗೆ ಬಂದೆ. ಈ ಊರು ನನಗೆ ಅನ್ನ ಕೊಟ್ಟಿದೆ, ಮನೆ ಕೊಟ್ಟಿದೆ, ಯಾವತ್ತೂ ಹೊರಗಿನವನು ಅಂತ ಮುಖಕ್ಕೆ ಹೇಳಿಲ್ಲ. ಆದರೂ ಕರ್ನಾಟಕ-ಮುಂಬಯಿ ಮ್ಯಾಚಿನ ಹಿಂದಿನ ರಾತ್ರಿ ನಾನು ಹನ್ನೆರಡರ ಹುಡುಗನೇ. ಆಫೀಸಿನಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. 2015ರ ಸೆಮಿಫೈನಲ್‌ನಲ್ಲಿ ವಿನಯ್ ಕುಮಾರ್ ಆರು ವಿಕೆಟ್ ಕಿತ್ತು ಮುಂಬಯಿ 44ಕ್ಕೆ ಆಲೌಟ್ ಆದ ದಿನ, ಡೊಂಬಿವಲಿ ಫಾಸ್ಟ್ ಲೋಕಲ್ಲಿನಲ್ಲಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದೇನೆ.

2010ರ ಜನವರಿ ಮಾತ್ರ ಮರೆಯೋಕಾಗಲ್ಲ. ಮೈಸೂರಿನಲ್ಲಿ ಫೈನಲ್. ಗೆಲ್ಲೋಕೆ 338 ಬೇಕು, ಮನೀಶ್ ಪಾಂಡೆ 144 ಹೊಡೆದ, 331ಕ್ಕೆ ಆಲೌಟ್. ಆರು ರನ್ನು! ಸಂಕ್ರಾಂತಿಯ ಹೊತ್ತು. ಸಹೋದ್ಯೋಗಿಯೊಬ್ಬರು ಎಳ್ಳುಂಡೆ ಕೈಗಿಟ್ಟು, ಒಳ್ಳೇ ಮಾತಾಡಿ ಅಂತ ಮರಾಠಿಯಲ್ಲಿ ಹಬ್ಬದ ಮಾತು ಹೇಳಿದರು. ನನಗೆ ಯಾವ ಮಾತೂ ಬರಲಿಲ್ಲ. ಮನೆಗೆ ಬಂದರೆ ಒಂಬತ್ತು ವರ್ಷದ ಮಗಳು ಬಾಗಿಲಲ್ಲೇ ಕುಣಿಯುತ್ತಿದ್ದಳು. "ಅಪ್ಪ, ನಾವು ಗೆದ್ವಿ!"

ಆವತ್ತು ಅವಳ ಮೇಲೆ ರೇಗಿದೆ. ನಾವು ಅಂದರೆ ಯಾರು, ನಿನ್ನ ಊರು ಯಾವುದು ಅಂತ ದೊಡ್ಡ ಭಾಷಣ ಬಿಗಿದೆ. ಅವಳು ಅಳುತ್ತಾ, "ನನ್ನೂರು ಡೊಂಬಿವಲಿ" ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಮಗು ಹುಟ್ಟಿದ್ದು ಇಲ್ಲಿ, ಆಡಿದ್ದು ಇಲ್ಲಿ. ನಾನು ರಜೆಯಲ್ಲಿ ಹತ್ತು ದಿನ ತೋರಿಸಿದ ಭದ್ರಾವತಿಗಾಗಿ ಅವಳು ಯಾಕೆ ಸೋಲಬೇಕು?

ಈಗ ಅದೇ ಹುಡುಗಿ ಕೊಲಂಬಸ್ಸಿನಲ್ಲಿ ಕೂತು "ನಾವು" ಅನ್ನುತ್ತಾಳೆ. ಓದು ಮುಗಿದು ಅಲ್ಲೇ ಕೆಲಸಕ್ಕೂ ಸೇರಿದ್ದಾಳೆ. ನನ್ನ ಹೆಂಡತಿಗೆ ಫುಟ್‌ಬಾಲಿನ ಮೇಲೆ ಯಾಕೆ ಸಿಟ್ಟು ಅಂತ ನನಗೆ ಗೊತ್ತು. ಬರೀ ಕೆಲಸಕ್ಕೆ ಹೋದವರು ವಾಪಸು ಬರಬಹುದು, ಆದರೆ ಪಕ್ಕದೂರಿನವರ ಎದುರು ಸೋಲುತ್ತೇವೇನೋ ಅಂತ ನಿದ್ದೆಗೆಟ್ಟವರು ಅಲ್ಲಿ ಬೇರುಬಿಟ್ಟಾಯಿತು ಅಂತಲೇ ಲೆಕ್ಕ. ನಾನು 40 ವರ್ಷ ಮುಂಬಯಿಯಲ್ಲಿದ್ದೂ ಮುಂಬಯಿ ಟೀಮಿಗಾಗಿ ಒಂದು ರಾತ್ರಿಯೂ ಹೆದರಲಿಲ್ಲ. ಅವಳಿಗೆ ಮೂರು ತಿಂಗಳು ಸಾಕಾಯಿತು. ಇದು ಅವಳ ಭಾಗ್ಯವೋ ನನ್ನ ಹಠವೋ... ಹೊಟ್ಟೆಯೊಳಗೆ ಸಣ್ಣಗೆ ಉರಿಯೋದಂತೂ ನಿಜ. ಆದರೂ ಆ ಸಂಕಟ ಅವಳಿಗೆ ಸಿಕ್ಕಿದ್ದಕ್ಕೆ ಖುಷಿಯೇ. ಪರದೇಶದಲ್ಲಿ ಒಂದು ಹುಡುಗಿ ಲಕ್ಷ ಜನರ ಜೊತೆ ಒಟ್ಟಿಗೆ ಹೆದರುತ್ತಾಳೆ ಅಂದರೆ ಅವಳು ಒಂಟಿಯಲ್ಲ.

2025ರಲ್ಲಿ ಮ್ಯಾಚು ಮಿಶಿಗನ್‌ನ ಆನ್ ಆರ್ಬರ್‌ನಲ್ಲಿ. ಒಹಾಯೋ ಹನ್ನೊಂದಕ್ಕೆ ಹನ್ನೊಂದೂ ಗೆದ್ದು ಬಂದಿತ್ತು. ಹಿಂದಿನ ರಾತ್ರಿಯ ಫೋನಿನಲ್ಲಿ ನಾನು, ಅವರ ಹತ್ರ ಏನಿದೆ ಅಂತ ಈ ಸಲ ಕೇಳಲಿಲ್ಲ. ಸುಮ್ಮನೆ "ಊಟ ಮಾಡಿದ್ಯಾ?" ಅಂದೆ. "ಇಲ್ಲ" ಅಂದಳು. ನಾನೂ ಮಾಡಿರಲಿಲ್ಲ. ಮೊದಲು ಮಿಶಿಗನ್ 6-0 ಮುಂದೆ ಹೋಯಿತು, ನನ್ನ ಹೆಂಡತಿ ಎದ್ದು ದೇವರ ಮನೆಯ ದೀಪ ಹಚ್ಚಿ ಬಂದಳು, ಯಾಕೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಕೊನೆಗೆ 27-9. ರಾತ್ರಿ ಎರಡು ಗಂಟೆಗೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಉಪ್ಪಿಟ್ಟು!

2026ರ ನವೆಂಬರಿನಲ್ಲಿ ಮ್ಯಾಚು ಮತ್ತೆ ಕೊಲಂಬಸ್ಸಿಗೆ ಬರುತ್ತದೆ. ನೀವಿಬ್ಬರೂ ಬನ್ನಿ ಅಂತ ಮಗಳ ಹಠ. ನವೆಂಬರ್ ಆದ್ದರಿಂದ ರಾಜ್ಯೋತ್ಸವದಲ್ಲಿ ಸಂಘದವರು ಹೊದಿಸಿದ ಅರಿಶಿನ-ಕುಂಕುಮ ಬಣ್ಣದ ಶಾಲು ತರುತ್ತೇನೆ, ಅಲ್ಲಿ ಚಳಿಯಲ್ಲವೇ ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಮಿಶಿಗನ್ ಬಣ್ಣ ಹಳದಿ-ನೀಲಿಯಂತೆ, ಒಹಾಯೋದು ಕೆಂಪು.

"ತಗೊಂಡು ಬಾ ಅಪ್ಪ. ಆದ್ರೆ ಕೆಂಪು ಕಡೆ ಮಾತ್ರ ಕಾಣೋ ಹಾಗೆ ಮಡಚಿ ಹೊದ್ಕೋ" ಅಂದಳು.