ಭಾಗ 4: ಫುಲ್ ಫ್ರೇಮ್ ಯಾರಿಗೆ ಬೇಕು?
ಟ್ರಾವೆಲ್‌ಗೆ ಯಾವ ಕ್ಯಾಮೆರಾ ಅಂತ ಕೇಳಿದ್ರೆ ಸಾಕು, ಎಲ್ಲರದ್ದೂ ಒಂದೇ ಉಪದೇಶ: "ಫುಲ್ ಫ್ರೇಮ್ ತಗೊ ಗುರು!" ಸರಿ, ಲೆಕ್ಕ ಹಾಕೋಣ ಬನ್ನಿ.

ಸೋನಿ ಎ7 ಮಾರ್ಕ್ 4 ಬಾಡಿ 658 ಗ್ರಾಂ. ನೀವೇ ಹೊಗಳೋ 24-70 ಜಿ ಮಾಸ್ಟರ್ 2 ಲೆನ್ಸ್ 695. ಒಟ್ಟು 1,353 ಗ್ರಾಂ.
ಸೋನಿ ಎ6700 ಬಾಡಿ 493, 18-135 ಲೆನ್ಸ್ 325. ಒಟ್ಟು 818. ಅರ್ಧ ಕೆಜಿಗಿಂತ ಜಾಸ್ತಿ ಉಳೀತು! ಜೂಮ್ ಕೂಡ ಫುಲ್ ಫ್ರೇಮ್ ಲೆಕ್ಕದಲ್ಲಿ 200 ಎಂಎಂ ತನಕ ಹೋಗತ್ತೆ.

ಕತ್ತಲಲ್ಲಿ ಫುಲ್ ಫ್ರೇಮೇ ಗೆಲ್ಲತ್ತೆ, ಒಪ್ಪಿದೆ. ಮದುವೆ ಶೂಟ್ ಮಾಡೋರು ಅದನ್ನೇ ತಗೊಳ್ಳಿ. ಆದ್ರೆ ಕುಮಾರ ಪರ್ವತ ಹತ್ತುವಾಗ, ಗಿರಿಗದ್ದೆ ಬರೋದ್ರೊಳಗೆ ಕುತ್ತಿಗೆ ನೋವು ಅಂತ ಬ್ಯಾಗಿಗೆ ತುರುಕಿದ ಕ್ಯಾಮೆರಾ ಯಾವ ಫೋಟೊ ತೆಗೆಯತ್ತೆ ಹೇಳಿ?

ಎ6700 ತಗೊಳ್ಳಿ. ಉಳಿದ ದುಡ್ಡಲ್ಲಿ ಊರು ಸುತ್ತಿ.