ಟೆನ್ನಿಸನ್ ಗ್ಯಾಂಬಿಟ್ ಮತ್ತು ನಮ್ಮ ‘ನಿರೀಕ್ಷಿತ ಉತ್ತರ’

ಮೊಬೈಲಿನಲ್ಲಿ ನೋಡಿದ ಚದುರಂಗದ ಟ್ರಿಕ್‌ಗಳನ್ನು ಮಕ್ಕಳು ಶಾಲೆಯಲ್ಲಿ ಆಡಿದರೆ ತಡೆಯಬೇಕೇ? ತಡೆಯಬೇಕು ಎನ್ನುವವರು ನಮ್ಮ ತಂಡದಲ್ಲೇ ಇದ್ದಾರೆ. ಅದರ ಬದಲು ಟ್ರಿಕ್‌ಗೆ ಉತ್ತರವನ್ನು ಮಕ್ಕಳಿಂದಲೇ ಹುಡುಕಿಸಬೇಕು ಎಂಬುದು ನನ್ನ ಅಭಿಪ್ರಾಯ. ಬೂದಿಕೋಟೆಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ಕಂಡದ್ದು ಈ ಅಭಿಪ್ರಾಯಕ್ಕೆ ಕಾರಣ.

ಅಲ್ಲಿನ ಒಂಬತ್ತನೇ ತರಗತಿಯ ಹುಡುಗರ ಮೆಚ್ಚಿನ ಆರಂಭ ಟೆನ್ನಿಸನ್ ಗ್ಯಾಂಬಿಟ್. ಬಿಳಿ ಕುದುರೆ ಎಫ್3ಕ್ಕೆ ಬರುತ್ತದೆ. ಕಪ್ಪು ಕಾಲಾಳು ಡಿ5ಕ್ಕೆ. ಬಿಳಿಯವರು ಇ4ರಲ್ಲಿ ಕಾಲಾಳನ್ನು ಬಲಿಗೆ ಒಡ್ಡುತ್ತಾರೆ. ಕಪ್ಪು ಅದನ್ನು ಹೊಡೆದೊಡನೆ ಅದೇ ಕುದುರೆ ಜಿ5ಕ್ಕೆ ಜಿಗಿಯುತ್ತದೆ. ಕಪ್ಪು ಕುದುರೆ ಎಫ್6ಕ್ಕೆ ಬಂದರೆ ಬಿಳಿಯವರು ಡಿ3ರಲ್ಲಿ ಇನ್ನೊಂದು ಕಾಲಾಳನ್ನು ಒಡ್ಡುತ್ತಾರೆ. ಅದನ್ನು ಹೊಡೆದ ಕಾಲಾಳನ್ನು ಬಿಳಿ ಒಂಟೆ ಹೊಡೆಯುತ್ತದೆ. ಈಗ ಕಪ್ಪಿನವರು ಕುದುರೆಯನ್ನು ಓಡಿಸಲು ಎಚ್6 ಆಡಿದರೆ ಕೆಟ್ಟರು. ಕುದುರೆ ಎಫ್7ರ ಕಾಲಾಳನ್ನು ಹೊಡೆಯುತ್ತದೆ, ರಾಜ ಕುದುರೆಯನ್ನು ಹೊಡೆಯುತ್ತಾನೆ, ಒಂಟೆ ಜಿ6ರಿಂದ ಚೆಕ್ ಕೊಡುತ್ತದೆ. ರಾಜ ಒಂಟೆಯನ್ನು ಹೊಡೆದರೆ ಕಪ್ಪು ಮಂತ್ರಿ ಹೋಯಿತು.

ಕುದುರೆಯ ಮೇಲಿನ ಮೋಹ ತಪ್ಪಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೇ ಕುದುರೆ ನಡೆಯಲ್ಲಿ 64 ಮನೆಗಳನ್ನೂ ಒಂದೊಂದು ಸಲ ಮುಟ್ಟುವ ಬಂಧಗಳನ್ನು ರಚಿಸಿದ್ದರು. ತೊಂದರೆ ಇರುವುದು ಬೇರೆ ಕಡೆ. ಒಂದು ದಿನ ವಿಡಿಯೋ ನೋಡಿರದ ಹುಡುಗಿಯೊಬ್ಬಳು ಜಿ5ರ ಕುದುರೆಗೆ ಉತ್ತರವಾಗಿ ಇ5 ಆಡಿದಳು. ಎದುರಿನ ಹುಡುಗ ಕೈ ಎತ್ತಿ, “ಸಾರ್, ಇವಳು ತಪ್ಪು ಆಡ್ತಾವ್ಳೆ, ವಿಡಿಯೋದಲ್ಲಿ ಹಂಗಿಲ್ಲ” ಎಂದ. ಅವಳು ಆಡಿದ್ದೇ ಸರಿ. ಆ ನಡೆಯಿಂದ ಮಂತ್ರಿಗೆ ಜಿ5ರವರೆಗೆ ದಾರಿ ತೆರೆಯುತ್ತದೆ. ಕುದುರೆ ಇ4ರ ಕಾಲಾಳನ್ನು ಹೊಡೆದು ಉಳಿದುಕೊಂಡರೂ ಎಫ್5 ಕಾಲಾಳು ಅದನ್ನು ಮತ್ತೆ ಓಡಿಸುತ್ತದೆ. ಬಿಳಿಯವರ ಒಂದೇ ಕುದುರೆ ನಾಲ್ಕು ಸಲ ನಡೆಯುವಷ್ಟರಲ್ಲಿ ಕಪ್ಪಿನವರು ಹಲಗೆಯ ನಡುವನ್ನು ಹಿಡಿದಿರುತ್ತಾರೆ.

ಆ ಹುಡುಗನನ್ನು ನೋಡಿ ನಗುವ ಮುನ್ನ ನಮ್ಮ ಪಾಠಯೋಜನೆಯನ್ನು ನೋಡೋಣ. ಅದರಲ್ಲಿ ಪ್ರಶ್ನೆಯ ಪಕ್ಕದಲ್ಲೇ ‘ನಿರೀಕ್ಷಿತ ಉತ್ತರ’ದ ಕಾಲಂ ಇದೆ. ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಕೂತ ದಿನ ಆ ಉತ್ತರ ಕೊಡುವ ಮಕ್ಕಳನ್ನೇ ನಾವು ಎಬ್ಬಿಸುತ್ತೇವೆ. 0.5 ಮತ್ತು 0.50ರಲ್ಲಿ ಯಾವುದು ದೊಡ್ಡದು ಎಂದು ಕೇಳಿದಾಗ ಒಂದು ಮಗು “0.50” ಎಂದರೆ, “ಕೂತ್ಕೋ, ಬೇರೆ ಯಾರು ಹೇಳ್ತೀರಿ?” ಎನ್ನುತ್ತೇವೆ. 50 ಎಂಬುದು 5ಕ್ಕಿಂತ ದೊಡ್ಡದು ಎಂದು ಆ ಮಗು ಯೋಚಿಸಿದೆ. ಸ್ಥಾನಬೆಲೆಯ ಪಾಠ ಶುರುವಾಗಬೇಕಾದದ್ದೇ ಅಲ್ಲಿ. ಎದುರಿನವರು ನಾವು ಬಯಸಿದ್ದನ್ನೇ ಆಡಿದರೆ ಮಾತ್ರ ಗೆಲ್ಲುವ ಪಾಠ ಟೆನ್ನಿಸನ್ ಗ್ಯಾಂಬಿಟ್‌ಗಿಂತ ಬೇರೆಯಲ್ಲ.

40 ನಿಮಿಷದ ಅವಧಿಯಲ್ಲಿ ಎಲ್ಲ ಉತ್ತರಗಳ ಬೆನ್ನು ಹತ್ತಲು ಆಗದು ಎಂಬ ಆಕ್ಷೇಪ ನ್ಯಾಯವಾದದ್ದು. ಪಾಠಕ್ಕೆ ಒಂದೇ ಒಂದು ಸಾಕು. ಪಾಠಯೋಜನೆಯಲ್ಲಿ ‘ಬರಬಹುದಾದ ಬೇರೆ ಉತ್ತರ’ ಎಂಬ ಕಾಲಂ ಸೇರಲಿ, ವೀಕ್ಷಣಾ ನಮೂನೆಯಲ್ಲಿ ಅದನ್ನು ನಿಭಾಯಿಸಿದ ರೀತಿಗೂ ಅಂಕವಿರಲಿ. ಆಗ ಹಿಂದೆ ಯಾರೇ ಕೂತಿದ್ದರೂ, ಇ5 ಆಡುವ ಹುಡುಗಿಯನ್ನು ಎಬ್ಬಿಸಲು ನಮಗೆ ಧೈರ್ಯ ಬರುತ್ತದೆ.