ಬಾಣಂತಿಯ ದಣಿವು ಮೈಗಳ್ಳತನವಲ್ಲ

ನಮ್ಮ ಮನೆತನಗಳಲ್ಲಿ ಚೊಚ್ಚಲ ಬಾಣಂತನವು ತವರಿನಲ್ಲಿ ನಡೆಯುವುದು ವಾಡಿಕೆ. ಕೂಸಿಗೆ ಲಿಂಗಧಾರಣೆ, ತೊಟ್ಟಿಲು ಕಾರ್ಯಗಳು ಮುಗಿದು, ನಾಲ್ಕೈದು ತಿಂಗಳಿಗೆ ಮಗಳು ಗಂಡನ ಮನೆಗೆ ಮರಳುತ್ತಾಳೆ. ಆಗ ಕೆಲವೆಡೆ, "ತವರಿನಲ್ಲಿ ಕುಳಿತುಂಡು ಸೊಸೆಗೆ ಮೈಗಳ್ಳತನ ಅಂಟಿದೆ" ಎಂಬ ಮಾತು ಕೇಳಿಬರುತ್ತದೆ. ಆ ಮಾತನ್ನಾಡುವ ಮುನ್ನ ನಾವು ಒಂದು ಸಂಗತಿಯನ್ನು ಅರಿಯುವುದು ಒಳಿತು.

ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಥೈರಾಕ್ಸಿನ್ ಎಂಬ ಹಾರ್ಮೋನನ್ನು ಸ್ರವಿಸಿ ದೇಹದ ಕಾವು, ಹೃದಯದ ಬಡಿತ, ಮನಸ್ಸಿನ ಲವಲವಿಕೆಗಳನ್ನು ಹದದಲ್ಲಿಡುತ್ತದೆ. ಗರ್ಭಕಾಲದಲ್ಲಿ ತುಸು ತಗ್ಗಿರುವ ರೋಗನಿರೋಧಕ ಶಕ್ತಿಯು ಹೆರಿಗೆಯ ತರುವಾಯ ಮತ್ತೆ ಚುರುಕಾದಾಗ, ಕೆಲವರಲ್ಲಿ ಈ ಗ್ರಂಥಿಯ ಮೇಲೆಯೇ ತಿರುಗಿಬೀಳುತ್ತದೆ. ನೂರು ಬಾಣಂತಿಯರಲ್ಲಿ ಸುಮಾರು 5 ಮಂದಿಗೆ ಹೀಗಾಗುತ್ತದೆ.

ಇದರಲ್ಲಿ ಎರಡು ಹಂತಗಳುಂಟು. ಮೊದಲ ಕೆಲವು ತಿಂಗಳುಗಳಲ್ಲಿ, ಘಾಸಿಗೊಂಡ ಗ್ರಂಥಿಯಲ್ಲಿದ್ದ ಹಾರ್ಮೋನು ರಕ್ತಕ್ಕೆ ಸೋರಿ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಸಿಡುಕು ಹೆಚ್ಚುತ್ತದೆ. ಬಳಿಕ, ಸಾಮಾನ್ಯವಾಗಿ 4ರಿಂದ 8ನೆಯ ತಿಂಗಳೊಳಗೆ, ಹಾರ್ಮೋನು ಕುಂದಿ ಅತೀವ ದಣಿವು, ಚಳಿ, ಮಲಬದ್ಧತೆ, ಮರೆವು, ಮನಸ್ಸಿಗೆ ಮಂಕು ಕವಿಯುತ್ತವೆ. ಕೆಲವರಲ್ಲಿ ಒಂದೇ ಹಂತ ಕಾಣಿಸಿಕೊಳ್ಳುವುದೂ ಉಂಟು. ಮೊದಲಿನದನ್ನು ತವರು ಕಂಡರೆ, ಎರಡನೆಯದನ್ನು ಅತ್ತೆಯ ಮನೆ ಕಾಣುತ್ತದೆ. ಎರಡನ್ನೂ ಕೂಡಿಸಿ ನೋಡುವವರೇ ಇರುವುದಿಲ್ಲ.

ಇದನ್ನು ಪತ್ತೆಹಚ್ಚಲು ಟಿ.ಎಸ್.ಎಚ್. ಮತ್ತು ಟಿ-4 ಎಂಬ ರಕ್ತಪರೀಕ್ಷೆಗಳು ಸಾಕಾಗುತ್ತವೆ. ಥೈರಾಕ್ಸಿನ್ ತಗ್ಗಿದಾಗ ಟಿ.ಎಸ್.ಎಚ್. ಏರುತ್ತದೆ. ಹಂತಗಳ ನಡುವೆ ಫಲಿತಾಂಶವು ಸರಿಯೆಂದು ತೋರಬಹುದಾದ್ದರಿಂದ, ಲಕ್ಷಣಗಳು ಉಳಿದರೆ ಕೆಲವು ವಾರಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ವೈದ್ಯರು ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಸೇವಿಸತಕ್ಕದ್ದು. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗೂ ಅದಕ್ಕೂ 4 ಗಂಟೆಗಳ ಅಂತರವಿರಲಿ. ಇದಕ್ಕಾಗಿ ಕೂಸಿಗೆ ಮೊಲೆಹಾಲು ಬಿಡಿಸಬೇಕಾಗಿಲ್ಲ. ಬಹುಪಾಲು ಮಂದಿ ವರ್ಷದೊಳಗೆ ಗುಣಹೊಂದುತ್ತಾರೆ. ಕೆಲವರಿಗೆ ಮಾತ್ರೆಯು ಬಹುಕಾಲ ಬೇಕಾದೀತು. ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಂಭವವೂ ಇರುವುದರಿಂದ ಹಳೆಯ ಚೀಟಿಗಳನ್ನು ಜೋಪಾನ ಮಾಡಬೇಕು.

ಅಳ್ವಿ ಪಾಯಸ, ಅಂಟಿನುಂಡಿಗಳು ಬಾಣಂತಿಗೆ ಪುಷ್ಟಿ ಕೊಡುತ್ತವೆ, ನಿಜ. ಆದರೆ ಈ ಗ್ರಂಥಿಯ ಕೊರತೆಯನ್ನು ಅವು ತುಂಬಲಾರವು. ಬೀಗರಿಬ್ಬರೂ ತಾವು ಕಂಡದ್ದನ್ನು ಪರಸ್ಪರ ಹೇಳಿಕೊಂಡು, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬಸವಾದಿ ಶರಣರು ಹೆಣ್ಣಿಗೆ ಸಲ್ಲಿಸಿದ ಗೌರವವನ್ನು ನಾವು ಸಭೆಗಳಲ್ಲಿ ಕೊಂಡಾಡುತ್ತೇವೆ. ಆ ಗೌರವವು ಬಾಣಂತಿಯ ಕೋಣೆಗೂ ತಲುಪಲಿ.